ಠಾಣೆಗೊಂದು ಸೀಟಿ

ಫುಟ್‌ಬಾಲ್ ಮೈದಾನದಲ್ಲಿ ಒಬ್ಬ ಇನ್ನೊಬ್ಬನ ಕಾಲು ಮುರಿದರೆ ಅವನನ್ನು ಜೈಲಿಗೆ ಹಾಕಬೇಕೋ ಬೇಡವೋ ಎಂದು ಯುರೋಪಿನ ನ್ಯಾಯಾಧೀಶರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಪಾಪ, ಚಿಕ್ಕೋಡಿಗೆ ಬಂದಿದ್ದರೆ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ ಅಪರಾಧ ಆಗಿದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಹೊಡೆದವ ಯಾರ ಪೈಕಿ, ಹೊಡೆಸಿಕೊಂಡವ ಯಾರ ಪೈಕಿ, ಇಬ್ಬರಲ್ಲಿ ಮೊದಲು ಠಾಣೆಯ ಮೆಟ್ಟಿಲು ಹತ್ತಿದವ ಯಾರು? ಇಷ್ಟು ಗೊತ್ತಾದರೆ ಕಲಂ ತಾನಾಗಿಯೇ ಬರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕುಗಳಿಗೆ ಐಎಸ್‌ಎಲ್ ಫುಟ್‌ಬಾಲ್ ತಂಡ ಇಲ್ಲ. ಇರುವುದು ಕುಸ್ತಿ, ಕಬಡ್ಡಿ, ಎತ್ತಿನ ಶರ್ಯತ್ತು ಮತ್ತು ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿ ಚುನಾವಣೆ. ಕೊನೆಯದರಲ್ಲಿ ಆಗುವಷ್ಟು ಫೌಲು ಉಳಿದ ಮೂರರಲ್ಲಿ ಸೇರಿಸಿದರೂ ಆಗುವುದಿಲ್ಲ. ಆಡುವವರೂ ಪಕ್ಕಾ ವೃತ್ತಿಪರರು. ಫುಟ್‌ಬಾಲೇ ಬೇಕೆಂದರೆ ನಿಪ್ಪಾಣಿಯಿಂದ ತಾಸಿನೊಳಗೆ ಕೊಲ್ಲಾಪುರ. ಅಲ್ಲಿ ಶಾಹೂ ಸ್ಟೇಡಿಯಂನಲ್ಲಿ ಆಡುವ ತಂಡಗಳ ಹೆಸರೇ ಗರಡಿಮನೆಯವು: ಪಾಟಾಕಡೀಲ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್, ಬಾಲಗೋಪಾಲ ತಾಲೀಮ್. ಚೆಂಡಾಟಕ್ಕೆ ಗರಡಿಯ ಹೆಸರಿಟ್ಟ ಮೇಲೆ ಅಲ್ಲಿ ಭಜನೆ ನಡೆಯುತ್ತದೆಂದು ಯಾರೂ ಎಣಿಸುವುದಿಲ್ಲ. ಪೇಟೆ ಪೇಟೆಗಳ ನಡುವಿನ ಮ್ಯಾಚಿನಲ್ಲಿ ಬೆಂಬಲಿಗರು ಕಲ್ಲು ತೂರುವುದು, ಆಟಗಾರರು ಕೈ ಕೈ ಮಿಲಾಯಿಸುವುದು, ಪೊಲೀಸರು ಕೇಸು ಹಾಕುವುದು ಆ ಊರಿಗೆ ಹೊಸದಲ್ಲ. ಮ್ಯಾಚು ನೋಡಿ ಬಂದ ನಮ್ಮ ಹುಡುಗರು ಗೋಲು ಎಷ್ಟಾಯಿತೆಂದು ಆಮೇಲೆ ಹೇಳುತ್ತಾರೆ, ‘ಏನ್ ಹೊಡದಾಡಿದ್ರಲೇ ದೋಸ್ತ!’ ಎನ್ನುವುದು ಮೊದಲು. ಇದೇ ಊರು 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿಗೆ ಅನಿಕೇತ ಜಾಧವನನ್ನು ಕೊಟ್ಟಿತು. ಅಂದರೆ ಹೊಡೆದಾಟದ ನಡುವೆ ಬಿಡುವು ಸಿಕ್ಕಾಗ ಆಟವೂ ನಡೆಯುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಹದಿನೆಂಟು ದಾಟಿದವರಿಬ್ಬರು ಒಪ್ಪಿಕೊಂಡು ಆಟಕ್ಕಿಳಿದು, ಮೋಸವಿಲ್ಲದೆ ಆಡುವಾಗ ಒಬ್ಬನಿಗೆ ಪೆಟ್ಟಾದರೆ ಅದು ಅಪರಾಧವಲ್ಲ ಎಂದು 1860ರ ದಂಡಸಂಹಿತೆಯ 87ನೇ ಕಲಮೇ ಹೇಳಿತ್ತು. ಸಾವು ಅಥವಾ ಭಾರೀ ಗಾಯ ಮಾಡುವ ಉದ್ದೇಶ ಇರಬಾರದು, ಹಾಗಾದೀತೆಂಬ ಅರಿವೂ ಇರಬಾರದು, ಅಷ್ಟೆ. ಉದಾಹರಣೆಗೆ ಕತ್ತಿವರಸೆ ಆಡುವ ಇಬ್ಬರು ದೊರೆಗಳನ್ನು ಕೊಟ್ಟಿದ್ದರು. 2024ರ ಜುಲೈ 1ರಂದು ಗುಲಾಮಗಿರಿಯ ಕುರುಹುಗಳನ್ನೆಲ್ಲ ಅಳಿಸಿಹಾಕಿ ಭಾರತೀಯ ನ್ಯಾಯ ಸಂಹಿತೆ ಬಂತು. 87 ಹೋಗಿ 25 ಆಯಿತು. ಆ ಇಬ್ಬರು ಮಾತ್ರ ಇನ್ನೂ ಕತ್ತಿ ಹಿಡಿದು ಅಲ್ಲೇ ನಿಂತಿದ್ದಾರೆ. ಒಬ್ಬ ಪೈಲ್ವಾನನನ್ನೋ ಕಬಡ್ಡಿಯ ರೇಡರನನ್ನೋ ಅವರ ಜಾಗದಲ್ಲಿ ನಿಲ್ಲಿಸೋಣ ಅಂತ ಯಾರಿಗೂ ಹೊಳೆಯಲಿಲ್ಲ. ದೇಶೀಕರಣಕ್ಕೂ ಒಂದು ಮಿತಿ ಬೇಕಲ್ಲ.

ಇನ್ನೊಂದು ಕಡೆ 116ನೇ ಕಲಂ ಇದೆ. ಎಲುಬು ಮುರಿದರೆ, ಹಲ್ಲು ಮುರಿದರೆ, ಕೀಲು ತಪ್ಪಿದರೆ ಭಾರೀ ಗಾಯ. ಇಪ್ಪತ್ತು ದಿನ ನರಳಿದರೆ ಭಾರೀ ಎನ್ನುತ್ತಿದ್ದ ಹಳೆಯ ಲೆಕ್ಕವನ್ನು ಈಗ ಹದಿನೈದಕ್ಕೆ ಇಳಿಸಿದ್ದಾರೆ. ಬೇಕೆಂದೇ ಮಾಡಿದರೆ ಏಳು ವರ್ಷದವರೆಗೆ ಜೈಲು. ಈ ಎರಡು ಕಲಮುಗಳ ನಡುವೆ ಒಂದು ಚೆಂಡು ಇಟ್ಟು ನಮ್ಮ ಠಾಣೆಗೆ ಸೀಟಿ ಕೊಟ್ಟರೆ ಏನಾಗುತ್ತದೆ ನೋಡೋಣ.

ತಾಲ್ಲೂಕು ಮೈದಾನ, ದುಡ್ಡು ಕೊಟ್ಟು ಕರೆಸಿದ ಎರಡು ತಂಡಗಳ ಫೈನಲ್ ಎಂದಿಟ್ಟುಕೊಳ್ಳಿ. 67ನೇ ನಿಮಿಷಕ್ಕೆ ಒಬ್ಬ ಡಿಫೆಂಡರ್ ಜಾರಿಕೊಂಡು ಬಂದು ಟ್ಯಾಕಲ್ ಮಾಡುತ್ತಾನೆ. ರೆಫರಿ ಹಳದಿ ಕಾರ್ಡು ತೆಗೆಯುವಷ್ಟರಲ್ಲಿ ಬಿದ್ದವನ ಮಾವ ಬಿಳಿ ಹಾಳೆ ತೆಗೆದಿರುತ್ತಾನೆ. ‘ಫಿರ್ಯಾದಿಯು ಸದರಿ ದಿವಸ ಸಾಯಂಕಾಲ ಚೆಂಡು ತೆಗೆದುಕೊಂಡು ತನ್ನಷ್ಟಕ್ಕೆ ತಾನು ಹೋಗುತ್ತಿರುವಾಗ, ಆರೋಪಿತನು ಹಳೇ ದ್ವೇಷದಿಂದ ಹಿಂದಿನಿಂದ ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕಾಲಿನಿಂದ ಹೊಡಿಬಡಿ ಮಾಡಿ ಗುಪ್ತಗಾಯಪಡಿಸಿ, ಇವತ್ತ ಉಳದಿ ಮಗನ, ಮುಂದಿನ ಮ್ಯಾಚಿನ್ಯಾಗ ಬಿಡೂದಿಲ್ಲ ಅಂತಾ ಜೀವದ ಬೆದರಿಕೆ ಹಾಕಿದ್ದು ಇರುತ್ತದೆ.’ ಈ ಗುಪ್ತಗಾಯ ಎಂಬುದು ನಮ್ಮ ಪೊಲೀಸ್ ಸಾಹಿತ್ಯದ ದೊಡ್ಡ ಕಾಣಿಕೆ. ಹೊರಗೆ ಏನೂ ಕಾಣಬಾರದು, ನೋವು ಮಾತ್ರ ವಿಪರೀತ ಇರಬೇಕು. 2018ರ ವಿಶ್ವಕಪ್ಪಿನಲ್ಲಿ ನೆಯ್ಮಾರ್ ಹುಲ್ಲಿನ ಮೇಲೆ ಉರುಳಾಡಿದ್ದನ್ನು ಲೋಕವೆಲ್ಲ ನಾಟಕ ಎಂದು ನಕ್ಕಿತು. ನಮ್ಮ ರೈಟರ್ ಸಾಹೇಬರು ಒಂದೇ ಪದದಲ್ಲಿ ಅದಕ್ಕೆ ಕಾನೂನಿನ ಗೌರವ ಕೊಟ್ಟುಬಿಡುತ್ತಿದ್ದರು.

ಬರೀ ಗಾಯವಾದರೆ ಎನ್‌ಸಿ ಬರೆದು ಕಳಿಸಬೇಕು; ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಇಲ್ಲ. ಅದಕ್ಕೇ ಗಾಯವನ್ನು ‘ಭಾರೀ’ ಮಾಡಿ, ಮೇಲೆ ಬೈಗುಳ, ಬೆದರಿಕೆ, ಸಮಾನ ಉದ್ದೇಶ ಇವಿಷ್ಟನ್ನು ಒಗ್ಗರಣೆ ಹಾಕುವುದು. ಮಾರನೇ ದಿನ ಪಂಚನಾಮೆ. ಪೆನಾಲ್ಟಿ ಬಾಕ್ಸಿನಿಂದ ಬೇವಿನ ಗಿಡಕ್ಕೆ ಎಷ್ಟು ಮೀಟರ್, ಗಿಡದಿಂದ ಗುಡಿಗೆ ಎಷ್ಟು ಮೀಟರ್ ಅಂತ ಪಟ್ಟಿ ಹಿಡಿದು ಅಳೆಯುತ್ತಾರೆ. ಚೆಂಡು ಮುದ್ದೆಮಾಲು. ಮರಳು ಸಾಗಿಸಿ ಸಿಕ್ಕಿಬಿದ್ದ ಟ್ರ್ಯಾಕ್ಟರಿನ ಪಕ್ಕ ಅದಕ್ಕೊಂದು ಚೀಟಿ ಅಂಟಿಸಿ ಇಡುತ್ತಾರೆ. ಉಳಿದ 23 ನಿಮಿಷದ ಆಟ ಏನಾಯಿತೆಂದು ಕೇಳಬೇಡಿ. ಚೆಂಡು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ರೆಫರಿ ಒಂದನೇ ಸಾಕ್ಷಿ. ತಾರೀಖಿನ ಮೇಲೆ ತಾರೀಖು ಅಲೆದು, ಕೊನೆಗೊಂದು ದಿನ ಕಟಕಟೆ ಹತ್ತಿ, ‘ನಾ ನೋಡಿಲ್ರಿ ಸಾಹೇಬ್ರ, ಆ ಹೊತ್ನ್ಯಾಗ ಗಡಿಯಾರ ನೋಡಾಕತ್ತಿದ್ನಿ’ ಎಂದು ಕೈ ಮುಗಿಯುತ್ತಾನೆ. ಅಷ್ಟರೊಳಗೆ ಡಿಫೆಂಡರನ ಕಡೆಯಿಂದ ಎದುರು ಫಿರ್ಯಾದಿ ಬಿದ್ದಿರುತ್ತದೆ: ನನ್ನ ಬೂಟಿಗೆ ಅವನ ಮೊಣಕಾಲು ಬೇಕಂತಲೇ ಬಂದು ಬಡಿದಿದೆ.

ಇಬ್ಬರನ್ನೂ ಕೂಡಿಸಿ ‘ಒನ್ ನಾಟ್ ಸೆವೆನ್’ ಹಾಕುವುದು ಇದರ ಕೊನೆಯ ಘಟ್ಟ. ಕಾಯ್ದೆಯಲ್ಲಿ ಈಗ ಅದು 126 ಆಗಿದೆ, ಬಾಯಲ್ಲಿ ಇನ್ನೂ ಆಗಿಲ್ಲ. ವರ್ಷದ ಮಟ್ಟಿಗೆ ಶಾಂತತೆಯಿಂದ ಇರುತ್ತೇನೆ, ಯಾರ ತಂಟೆಗೂ ಹೋಗುವುದಿಲ್ಲ ಅಂತ ತಹಶೀಲ್ದಾರರ ಮುಂದೆ ಮುಚ್ಚಳಿಕೆ. ಯಾರ ತಂಟೆಗೂ ಹೋಗದ ಡಿಫೆಂಡರನನ್ನು ಇಟ್ಟುಕೊಂಡು ತಂಡ ಮುಂದಿನ ಸೀಸನ್ ಆಡಬೇಕು. ಇನ್ನು ಗ್ಯಾಲರಿಯಿಂದ ತೂರಿಬಂದ ಅಥಣಿ ಚಪ್ಪಲಿಯ ವಿಚಾರ. ಕೊಲ್ಲಾಪುರಿ ಎಂದು ಹೆಸರಾದ ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಜಂಟಿ. ಹೀಗಾಗಿ ಯಾವ ರಾಜ್ಯದ ಆಯುಧದಿಂದ ಹಲ್ಲೆ ಆಯಿತು ಎಂಬ ಪ್ರಶ್ನೆ ನೇರ ಗಡಿ ಸಮಿತಿಗೆ ಹೋಗುತ್ತದೆ.

ನಗುವುದನ್ನು ಇಲ್ಲಿ ಸ್ವಲ್ಪ ನಿಲ್ಲಿಸಬೇಕು. 2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಫೆಡರೇಶನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲಿಯನ್ ಸ್ಟ್ರೈಕರ್ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆದ. ಅದೇ ಕ್ಷಣ ಮೋಹನ್ ಬಗಾನಿನ ಗೋಲ್‌ಕೀಪರ್ ಸುಬ್ರತ ಪಾಲ್ ಬಂದು ಅಪ್ಪಳಿಸಿದ. ಬಿದ್ದ ಜೂನಿಯರ್ ಮೇಲೇಳಲಿಲ್ಲ. ಡೆಂಪೊ 2-0 ಗೆದ್ದಿತು, ಗೆಲ್ಲಿಸಿದವನು 25ರ ಹರೆಯದಲ್ಲಿ ಹೋದ. ಕ್ಲಬ್ಬು ಅವನ 10ನೇ ನಂಬರಿನ ಅಂಗಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದಿತು. ಫುಟ್‌ಬಾಲ್ ಫೆಡರೇಶನ್ ಪಾಲ್‌ಗೆ ಎರಡು ತಿಂಗಳ ನಿಷೇಧ ಹಾಕಿತು.

ಕೊಲೆಗಾರ ಎಂದವರಿದ್ದರು, ಜೈಲಿಗೆ ಹಾಕಿ ಎಂದವರಿದ್ದರು. ಅದೇ ಪಾಲ್ 2011ರ ಏಷ್ಯನ್ ಕಪ್ಪಿನಲ್ಲಿ ಗೋಲಿನ ಮುಂದೆ ನಿಂತು ತಡೆದದ್ದನ್ನು ನೋಡಿ ಜನ ಸ್ಪೈಡರ್‌ಮ್ಯಾನ್ ಎಂದು ಕುಣಿದರು, 2016ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ನನ್ನನ್ನು ಕೇಳಿದರೆ ಅವನನ್ನು ಜೈಲಿಗೆ ಹಾಕದೇ ಇದ್ದದ್ದೇ ಸರಿ. ಚೆಂಡು ಅಲ್ಲಿತ್ತು, ಅದನ್ನು ತಡೆಯುವುದು ಅವನ ಕೆಲಸ, ಕೆಲಸ ಮಾಡುವ ರೀತಿ ಒರಟಾಗಿತ್ತು. ನನ್ನ ತಕರಾರು ಬೇರೆ. ಗೋಲ್‌ಕೀಪರನ ಮೈ ಬಡಿದದ್ದು ಟಿವಿಯಲ್ಲಿ ಹಿಂದೆ ಮುಂದೆ ಓಡಿಸಿ ಓಡಿಸಿ ತೋರಿಸಿದರು. ರಾಷ್ಟ್ರಮಟ್ಟದ ಫೈನಲ್ಲಿಗೆ ತಕ್ಕ ವೈದ್ಯಕೀಯ ವ್ಯವಸ್ಥೆ ಮೈದಾನದಲ್ಲಿ ಇರಲಿಲ್ಲ ಎಂಬ ಟೀಕೆ ಆಗಲೇ ಎದ್ದಿತ್ತು. ಇಲ್ಲದೇ ಇರುವ ವಸ್ತುವನ್ನು ಸ್ಲೋ ಮೋಷನ್ನಿನಲ್ಲಿ ತೋರಿಸುವುದು ಹೇಗೆ? ಒಬ್ಬ ಹುಡುಗನನ್ನು ಹಿಡಿದು ಬೈಯುವುದು ಸುಲಭ, ಸಂಘಟಕರ ಕುರ್ಚಿಗಳ ಸಾಲನ್ನು ಬೈಯುವುದು ಕಷ್ಟ. ಅಲ್ಲಿ ಕೂತವರಲ್ಲಿ ಯಾರಾದರೊಬ್ಬರು ನಮಗೆ ಬೇಕಾದವರೇ ಆಗಿರುತ್ತಾರೆ.

ಆ ಫೈನಲ್ ಆಗಿ ಹನ್ನೆರಡು ದಿನ ಕಳೆದು, 2004ರ ಡಿಸೆಂಬರ್ 17ಕ್ಕೆ, ನೆದರ್‌ಲೆಂಡ್ಸ್‌ನಲ್ಲಿ ರಶೀದ್ ಬುವಾಝಾನ್ ಎಂಬ ಆಟಗಾರ ನೀಲ್ಸ್ ಕೊಕ್‌ಮೈಯರ್ ಎಂಬವನ ಕಾಲನ್ನು ಮತ್ತೆ ವೃತ್ತಿಪರ ಆಟಕ್ಕೆ ಬಾರದಂತೆ ಮುರಿದ. ಅಲ್ಲಿ ಕ್ರಿಮಿನಲ್ ಕೇಸು ನಡೆಯಿತು, ಆರು ತಿಂಗಳ ಅಮಾನತು ಜೈಲುಶಿಕ್ಷೆಯಾಯಿತು, 2008ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೂ ಅವನು ತಪ್ಪಿತಸ್ಥನೇ ಎಂದಿತು. ಆ ಟ್ಯಾಕಲ್ ಆಗಿ ನಾಲ್ಕು ದಿನ ಬಿಟ್ಟು, ಅದೇ 2004ರ ಡಿಸೆಂಬರ್ 21ಕ್ಕೆ, ಲಂಡನ್ನಿನಲ್ಲಿ ಲಾರ್ಡ್ ವೂಲ್ಫ್ ಅವರ ಪೀಠ ಬಾರ್ನ್ಸ್ ಎಂಬ ಹವ್ಯಾಸಿ ಆಟಗಾರನನ್ನು ಅಂಥದ್ದೇ ಟ್ಯಾಕಲ್ ಕೇಸಿನಿಂದ ಬಿಡುಗಡೆ ಮಾಡಿ, ಆಟದ ಸಂಸ್ಥೆಗಳಿಗೆ ಅವುಗಳದೇ ಶಿಸ್ತುಕ್ರಮ ಇದೆ, ತೀರಾ ಗಂಭೀರವಾದದ್ದು ಮಾತ್ರ ಕ್ರಿಮಿನಲ್ ಕೋರ್ಟಿಗೆ ಬರಲಿ ಎಂದಿತು. ಒಂದೇ ತಿಂಗಳ ಮೂರು ಸಂಗತಿ, ಮೂರು ದೇಶ, ಮೂರು ಬಗೆಯ ಮುಕ್ತಾಯ. ಸ್ಕಾಟ್‌ಲೆಂಡಿನ ಡಂಕನ್ ಫರ್ಗುಸನ್ ಇವರಿಗಿಂತ ಹಿಂದಿನವನು. 1994ರಲ್ಲಿ ರೇಂಜರ್ಸ್ ಪರ ಆಡುವಾಗ ಎದುರಾಳಿಗೆ ಹಣೆಯಿಂದ ಗುದ್ದಿದ, ರೆಫರಿ ಹೊರಗೆ ಹಾಕಲಿಲ್ಲ, ಕೋರ್ಟು ಮೂರು ತಿಂಗಳು ಒಳಗೆ ಹಾಕಿತು. ಬಾರ್ಲಿನ್ನಿ ಜೈಲಿನಲ್ಲಿ 44 ದಿನ ಇದ್ದು ಬಂದ. ಆಟದಲ್ಲಿ ಹಣೆಗೆ ಕೆಲಸ ಇದೆ ನಿಜ, ಆದರೆ ಅದು ಚೆಂಡಿಗೆ ಸಂಬಂಧಪಟ್ಟದ್ದು.

ಹಾಗಾಗಿ ಕಾನೂನು ಓದದವರಿಗೂ ಅರ್ಥವಾಗುವ ಪರೀಕ್ಷೆ ಒಂದೇ: ಚೆಂಡು ಎಲ್ಲಿತ್ತು? ಕಾಲ ಬಳಿ ಇದ್ದರೆ ರೆಫರಿ ನೋಡಿಕೊಳ್ಳಲಿ. ಚೆಂಡು ಆ ತುದಿಯಲ್ಲಿ, ಮುಷ್ಟಿ ಈ ತುದಿಯಲ್ಲಿ ಎಂದಾದರೆ ಪೊಲೀಸರು ಬರಲಿ. ಕುಸ್ತಿಯ ಕಣದಲ್ಲಿ ಪಟ್ಟು ಹಾಕಿ ಕೆಡವಿದರೆ ಬಹುಮಾನ, ಕುಸ್ತಿ ಮುಗಿದ ಮೇಲೆ ಕಣದ ಹೊರಗೆ ಅದೇ ಪಟ್ಟು ಹಾಕಿದರೆ ಕೇಸು. ನಮ್ಮ ಕಡೆಯ ಯಾವ ಮುದುಕಪ್ಪನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿವರಿಸಿ ಹೇಳಬೇಕಾದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಅಲ್ಲಿ 2024ರ ಡಿಸೆಂಬರ್ 19ರಂದು ವಿಧಾನ ಪರಿಷತ್ತಿನೊಳಗೆ ಬಿಜೆಪಿಯ ಸಿ.ಟಿ. ರವಿಯವರು ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರಿಗೆ ಅವಾಚ್ಯ ಪದ ಬಳಸಿದರೆಂದು ಆರೋಪ ಬಂತು. ರವಿಯವರು ಇಲ್ಲ ಎಂದರು. ಬೆಂಬಲಿಗರು ಗ್ಯಾಲರಿ ಬಿಟ್ಟು ಮೈದಾನಕ್ಕೇ ಇಳಿದರು. ಹಿರೇಬಾಗೇವಾಡಿ ಠಾಣೆಯಲ್ಲಿ ಎಫ್‌ಐಆರ್ ಆಯಿತು, ಸಂಜೆ ಬಂಧನವಾಯಿತು. ಆ ರಾತ್ರಿ ಪೊಲೀಸ್ ಜೀಪು ರವಿಯವರನ್ನು ಕೂಡಿಸಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ತಿರುಗಿತು. ಫುಟ್‌ಬಾಲಿನಲ್ಲಿ ಇದಕ್ಕೆ ಟೈಮ್ ವೇಸ್ಟ್ ಮಾಡುವುದು ಎನ್ನುತ್ತಾರೆ, ಹಳದಿ ಕಾರ್ಡು ಖಾತ್ರಿ. ಮರುದಿನ ಹೈಕೋರ್ಟು ಬಿಡುಗಡೆಗೆ ಆದೇಶ ಕೊಟ್ಟಿತು. ಸದನದೊಳಗಿನದು ಸದನಕ್ಕೇ ಸೇರಿದ್ದು, ಪೊಲೀಸರಿಗೆ ಇಲ್ಲೇನು ಕೆಲಸ ಎಂಬುದು ಸಭಾಪತಿ ಬಸವರಾಜ ಹೊರಟ್ಟಿಯವರ ನಿಲುವು. ಸರ್ಕಾರ ಕೇಸನ್ನು ಸಿಐಡಿಗೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಕೇಸು ರದ್ದು ಮಾಡುವುದಿಲ್ಲ ಎಂದಿತು, ಆಮೇಲೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ನೋಡಿದಿರಾ? ಮೈದಾನದೊಳಗಿನ ಫೌಲು ರೆಫರಿಗೋ ಪೊಲೀಸರಿಗೋ ಎಂಬ ಯುರೋಪಿನ ತಲೆನೋವು ನಮ್ಮ ಜಿಲ್ಲೆಗೇ ಬಂದು, ಸರ್ಕಾರಿ ಖರ್ಚಿನಲ್ಲಿ ಚರ್ಚೆಯಾಯಿತು. ನನ್ನ ಪರೀಕ್ಷೆಯನ್ನು ಇಲ್ಲಿಗೂ ಹಚ್ಚಿ ನೋಡಿದೆ. ಚೆಂಡು ಎಲ್ಲಿತ್ತು? ಅಧಿವೇಶನ ಕರೆದದ್ದು ಉತ್ತರ ಕರ್ನಾಟಕದ ಸಮಸ್ಯೆ ಚರ್ಚಿಸಲು. ಚಿಕ್ಕೋಡಿ ಜಿಲ್ಲೆಯಾಗಲಿ ಎಂಬ ಬೇಡಿಕೆಗೆ, 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಕೊಟ್ಟಂತೆ ಮಾಡಿ ಕಸಿದುಕೊಂಡ ಜಿಲ್ಲೆಗೆ, ನಮ್ಮವರು ಅಂದಿನಿಂದ ಕಾಯುತ್ತಿದ್ದಾರೆ. ಆ ಚೆಂಡು ಆ ದಿನ ಸೆಂಟರ್ ಸರ್ಕಲ್ಲಿನಲ್ಲಿ ಒಂಟಿಯಾಗಿ ಕೂತಿತ್ತು.

ಸದನದ ರೆಡ್ ಕಾರ್ಡೂ ಫುಟ್‌ಬಾಲಿನದಕ್ಕಿಂತ ಮೃದು. 2025ರ ಮಾರ್ಚ್ 21ರಂದು ಬೆಂಗಳೂರಿನಲ್ಲಿ ಸಭಾಧ್ಯಕ್ಷರ ಪೀಠಕ್ಕೆ ಕಾಗದ ಹರಿದು ಎಸೆದರೆಂದು 18 ಬಿಜೆಪಿ ಶಾಸಕರನ್ನು ಆರು ತಿಂಗಳು ಹೊರಗಿಟ್ಟರು. ಫುಟ್‌ಬಾಲಿನಲ್ಲಿ 18 ಜನ ಹೊರಗೆ ಹೋದರೆ ಆಡಲು ಉಳಿಯುವವರು ನಾಲ್ವರು. ಮೇ ತಿಂಗಳಲ್ಲೇ ಅಮಾನತು ವಾಪಸು. ಹೊರಗೆ ಬೀದಿಯಲ್ಲಿ ಆಡುವವರಿಗೂ ಈ ಸೌಲಭ್ಯ ಉಂಟು, ಪಕ್ಷದ ಜರ್ಸಿ ಇರಬೇಕು ಅಷ್ಟೆ. 2022ರ ಹುಬ್ಬಳ್ಳಿ ಗಲಭೆಯದೂ ಸೇರಿ 43 ಕ್ರಿಮಿನಲ್ ಕೇಸುಗಳನ್ನು 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಹಿಂದೆಗೆದುಕೊಂಡಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದುಪಡಿಸಿತು. ಹಿಂದಿನ ಸರ್ಕಾರಗಳು ತಮ್ಮ ಕಾಲಕ್ಕೆ ತಮ್ಮವರ ಕೇಸುಗಳನ್ನು ಹಿಂದೆಗೆದುಕೊಂಡಿದ್ದವು. ಫುಟ್‌ಬಾಲ್ ಆಟಗಾರನೊಬ್ಬ ಕ್ರಿಮಿನಲ್ ಕೇಸಿಗೆ ಹೆದರುವುದಾದರೆ ಅವನಿಗೆ ನನ್ನದೊಂದು ಹಿತವಚನ: ಟ್ಯಾಕಲ್ ಮಾಡುವ ಮುಂಚೆ ಭುಜಕ್ಕೊಂದು ಶಾಲು ಹಾಕಿಕೋ. ಬಣ್ಣ ನಿನ್ನಿಷ್ಟ.

ಇನ್ನು ನಿಜವಾದ ಡರ್ಬಿ. ಈ ಭಾಗದಲ್ಲಿ ಎಲ್ಲಕ್ಕಿಂತ ಹಳೆಯ ಮ್ಯಾಚು ಗಡಿ ಮ್ಯಾಚು. ಮಹಾರಾಷ್ಟ್ರದವರು ಹಟ ಹಿಡಿದದ್ದಕ್ಕೆ 1966ರಲ್ಲಿ ಮಹಾಜನ ಆಯೋಗವೆಂಬ ಮೂರನೇ ಅಂಪೈರ್ ಬಂತು. 1967ರಲ್ಲಿ ತೀರ್ಪು: ಬೆಳಗಾವಿ ಇಲ್ಲೇ, ನಿಪ್ಪಾಣಿ ಅಲ್ಲಿಗೆ, ಅಕ್ಕಲಕೋಟೆ ಇಲ್ಲಿಗೆ. ಅಂಪೈರ್ ಬೇಕು ಎಂದವರೇ ತೀರ್ಪು ಬೇಡ ಎಂದರು. ನಾವು ತೀರ್ಪೇ ಅಂತಿಮ ಎಂದೆವು, ನಿಪ್ಪಾಣಿಯನ್ನು ಮಾತ್ರ ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ ಬಿಡಿ, ಅಲ್ಲಿಯ ಮಂದಿ ಬೆಳಗಾಗೆದ್ದು ಎರಡೂ ಭಾಷೆಯಲ್ಲಿ ವ್ಯಾಪಾರ ಮಾಡುತ್ತಾರೆ, ಎರಡರಲ್ಲೂ ಜಗಳ ಆಡುತ್ತಾರೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಬುವಾಝಾನ ಕಾಲು ಮುರಿದದ್ದು ಅದೇ ವರ್ಷ, ಅವನ ಕೇಸು 2008ಕ್ಕೆ ಮುಗಿಯಿತು. ಸುಬ್ರತ ಪಾಲನ ನಿಷೇಧ ಎರಡು ತಿಂಗಳಿಗೆ ಮುಗಿಯಿತು. ಗಡಿ ದಾವೆ ಇನ್ನೂ ವಾರ್ಮ್ ಅಪ್ ಮಾಡುತ್ತಿದೆ. ನಡುವೆ 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಸಭೆ 865 ಹಳ್ಳಿ ನಮ್ಮವು ಎಂದು ಠರಾವು ಮಾಡಿತು. ಅದಕ್ಕೆ ಕೆಲವು ದಿನ ಮುಂಚೆ ನಮ್ಮ ಠರಾವೂ ಆಗಿತ್ತು. ಒಂದು ಇಂಚೂ ಬಿಡುವುದಿಲ್ಲ ಎಂದು ಎರಡೂ ಕಡೆಯವರು ಹೇಳುವುದರಿಂದ ಪಂದ್ಯ ಮೊದಲಿನಿಂದಲೂ 0-0.

ಈ ಮ್ಯಾಚಿಗೆ ಚೆಂಡು ಸಾರಿಗೆ ಬಸ್ಸು. ಆ ಕಡೆಯವರು ಒದ್ದರೆ ಈ ಕಡೆ ಮಸಿ, ಈ ಕಡೆಯವರು ಒದ್ದರೆ ಆ ಕಡೆ ಮಸಿ. ಸೀಟಿ ಇರುವುದು ಒಬ್ಬನ ಹತ್ತಿರ, ಅವನೇ ಕಂಡಕ್ಟರ್. 2025ರ ಫೆಬ್ರವರಿಯಲ್ಲಿ ಬೆಳಗಾವಿ ತಾಲ್ಲೂಕಿನ ಬಾಳೇಕುಂದ್ರಿಯಲ್ಲಿ ಅಂಥ ಒಬ್ಬನನ್ನು, ಮರಾಠಿ ಬರುವುದಿಲ್ಲ ಎಂದದ್ದಕ್ಕೆ, ಬಸ್ಸಿಗೆ ನುಗ್ಗಿ ಹೊಡೆದರು. ಕೇಸಾಯಿತು, ಬಂಧನವಾಯಿತು, ಪದ್ಧತಿಯಂತೆ ಕಂಡಕ್ಟರ್ ಮೇಲೂ ಎದುರು ಫಿರ್ಯಾದಿ ಆಯಿತು. ಎರಡೂ ರಾಜ್ಯದ ಬಸ್ಸುಗಳ ಮೇಲೆ ಮಸಿ ಬಿತ್ತು, ಕೊಲ್ಲಾಪುರದ ಬಸ್ಸು ಬಂದಾದವು. ಇಂಥ ಮ್ಯಾಚಿನಲ್ಲಿ ಹೊಡೆದವರಿಗೂ ಮಸಿ ಬಳಿದವರಿಗೂ ಹಾರ ಹಾಕುವವರು ಸಿಗುತ್ತಾರೆ, ಭಾಷಣಕ್ಕೆ ಮೈಕೂ ಸಿಗುತ್ತದೆ.

ಅಂಥ ದಿನಗಳಲ್ಲಿ ನಮ್ಮ ಬಸ್ಸು ನಿಪ್ಪಾಣಿ ದಾಟಿ ಕೊಗನೊಳ್ಳಿ ಟೋಲಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕೊಲ್ಲಾಪುರದ ದವಾಖಾನೆಗೆ ಹೊರಟ ಮುದುಕಿ ಅಲ್ಲಿ ಇಳಿದು, ‘ಯಪ್ಪಾ, ಮ್ಯಾಚ್ ಯಾರ್ ಗೆದ್ರೋ?’ ಎಂದು ಕೇಳುವುದಿಲ್ಲ. ‘ಕಾಗಲ್‌ಗೆ ಟಂಟಂ ಎಷ್ಟ ತಗೋತಾನು?’ ಎನ್ನುತ್ತಾಳೆ. ಅವನು ಆ ದಿನ ದುಪ್ಪಟ್ಟು ಕೇಳುತ್ತಾನೆ. ಅದಕ್ಕೆ ಯಾರೂ ಕಲಂ ಹಾಕುವುದಿಲ್ಲ.